ಸಿಟ್ಟು, ಭಯ, ಸಂಕಟ ತರುವ ವಿಷಯದ ಮೇಲೆ ಪ್ರಬಂಧ ಬರೆಯುವ ಕ್ರಮ

ಆನೆ ಹಾವಳಿ, ಎತ್ತಿನಹೊಳೆ, ಕಸ್ತೂರಿರಂಗನ್ ವರದಿ, ಒತ್ತುವರಿ ತೆರವು, ಮುಳ್ಳಯ್ಯನಗಿರಿಗೆ ವಾಹನ ಮಿತಿ. ಹಾಸನ, ಚಿಕ್ಕಮಗಳೂರು ಕಡೆಯ ಓದುಗರು ಇಂಥ ವಿಷಯದ ಮೇಲೆ ಬರೆಯಲು ಕೂತಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಬರೆಯುವಾಗ ಚೆನ್ನಾಗೇ ಇತ್ತು, ಮಾರನೇ ದಿನ ಓದಿದರೆ ಬರೀ ಬೈಗುಳ. ಏನು ಮಾಡೋದು?" ಕಾಲೇಜಿನ ಪ್ರಬಂಧ ಸ್ಪರ್ಧೆಗೆ ಬರೆಯುವವರು, ಪತ್ರಿಕೆಗೆ ಪತ್ರ ಕಳಿಸುವವರು, ಗ್ರಾಮಸಭೆಯಲ್ಲಿ ಓದಲು ಮನವಿ ಸಿದ್ಧ ಮಾಡುವವರು, ಕೆಎಎಸ್ ಪರೀಕ್ಷೆಗೆ ಕೂರುವವರು, ಎಲ್ಲರದ್ದೂ ಇದೇ ತೊಡಕು. ಕೆಲವರದ್ದು ಮಾತ್ರ ಉಲ್ಟಾ: ಯಾರಿಗೂ ಬೇಜಾರಾಗಬಾರದು ಅಂತ ಬರೆದು, ಕೊನೆಗೆ ತಾವು ಏನು ಹೇಳುತ್ತಿದ್ದೇವೆ ಅನ್ನುವುದೇ ಗೊತ್ತಾಗದೆ ನಿಲ್ಲುತ್ತಾರೆ.

ಭಾವನೆಯನ್ನು ಪಕ್ಕಕ್ಕಿಟ್ಟು ಬರೆಯಿರಿ ಎಂದು ಹೇಳಿಕೊಡುವವರಿದ್ದಾರೆ. ಅದು ಆಗದ ಮಾತು. ರಾತ್ರಿ ಬೆಳಗಾಗುವುದರಲ್ಲಿ ಗದ್ದೆ ತುಳಿಸಿಕೊಂಡವರಿಗೆ ಆ ಸಲಹೆ ಕೊಡುವುದೇ ತಪ್ಪು. ಯಾವ ವಿಷಯದ ಮೇಲೆ ಬರೆಯಬೇಕು ಎಂದು ಭಾವನೆಯೇ ಆರಿಸಲಿ, ಮುಗಿಯುವ ತನಕ ನಿಮ್ಮನ್ನು ಕೂರಿಸುವುದೂ ಅದೇ ಆಗಲಿ. ಪುರಾವೆ ಆರಿಸುವುದು, ಎದುರಿನವರು ಎಂಥವರು ಎಂದು ತೀರ್ಮಾನಿಸುವುದು, ಪರಿಹಾರ ಸೂಚಿಸುವುದು, ಈ ಮೂರು ಕೆಲಸ ಮಾತ್ರ ಅದರ ಕೈಗೆ ಹೋಗಬಾರದು. ಕೆಳಗಿನ ಹಂತಗಳೆಲ್ಲ ಈ ಮೂರನ್ನು ಅದರ ಕೈಯಿಂದ ಬಿಡಿಸಿಕೊಳ್ಳುವುದಕ್ಕೆ.

ಬೇಕಾಗುವುದು

ಬಿಳಿ ಹಾಳೆಗಳು, ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ವಿಷಯದ ಮೇಲೆ ಕನಿಷ್ಠ ಒಂದು ಮೂಲ ದಾಖಲೆ: ವರದಿ, ಸರ್ಕಾರಿ ಆದೇಶ ಅಥವಾ ತೀರ್ಪು. ಅದರ ಬಗ್ಗೆ ಬಂದ ಸುದ್ದಿ ಮೂಲ ದಾಖಲೆ ಆಗುವುದಿಲ್ಲ. ನಿಮ್ಮ ಅಭಿಪ್ರಾಯ ಒಪ್ಪದ, ಆದರೆ ನಿಮ್ಮ ಜೊತೆ ಕೂತು ಕಾಫಿ ಕುಡಿಯಲು ಒಪ್ಪುವ ಒಬ್ಬರು. ಇನ್ನು ಸಮಯ: 700 ಪದದ ಪ್ರಬಂಧಕ್ಕೆ ಒಟ್ಟು ಆರು ಗಂಟೆ, ನಾಲ್ಕು ದಿನಕ್ಕೆ ಹಂಚಿದ್ದು. ಅಷ್ಟನ್ನೂ ಒಂದೇ ರಾತ್ರಿ ಕೂತು ಮುಗಿಸಿದರೆ ಈ ಕ್ರಮದಿಂದ ಪ್ರಯೋಜನವಿಲ್ಲ, ನಡುವೆ ನಿದ್ದೆ ಬೀಳಲೇಬೇಕು.

ಯಾವ ಭಾವನೆ ಬರಹಕ್ಕೆ ಏನು ಮಾಡುತ್ತದೆ

ಇದನ್ನು ಓದದೆ ಹಂತಗಳಿಗೆ ಹೋಗಬೇಡಿ. ಒಂದೊಂದು ಭಾವನೆಯ ಹಾನಿ ಒಂದೊಂದು ಥರ, ಮದ್ದೂ ಬೇರೆ ಬೇರೆ.

ಸಿಟ್ಟು. ಸಿಟ್ಟು ಬಂದವರು ಬಿಡಿ ಮನುಷ್ಯರನ್ನು ನೋಡದೆ ಗುಂಪಿನ ಬಗ್ಗೆ ಇರುವ ಸಿದ್ಧ ಅಭಿಪ್ರಾಯಕ್ಕೆ ಜೋತು ಬೀಳುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಬೋಡನ್‌ಹೌಸೆನ್ ಮತ್ತು ಸಂಗಡಿಗರು 1994ರಲ್ಲಿ ಪ್ರಯೋಗ ಮಾಡಿ ತೋರಿಸಿದರು. 2001ರಲ್ಲಿ ಲರ್ನರ್ ಮತ್ತು ಕೆಲ್ಟ್‌ನರ್ ಇನ್ನೊಂದನ್ನು ತೋರಿಸಿದರು: ಹೆದರಿದವರು ಮುಂದಿನ ಅಪಾಯವನ್ನು ದೊಡ್ಡದಾಗಿ ಕಂಡರೆ, ಸಿಟ್ಟಾದವರು ಅದನ್ನು ಚಿಕ್ಕದಾಗಿ ಕಾಣುತ್ತಾರೆ. ಸಿಟ್ಟಿನಲ್ಲಿ ಬರೆದ ಪ್ರಬಂಧದಲ್ಲಿ ಎರಡೂ ಕಣ್ಣಿಗೆ ಬೀಳುತ್ತವೆ. "ಅಧಿಕಾರಿಗಳೆಲ್ಲ", "ಪರಿಸರವಾದಿಗಳೆಲ್ಲ", "ಪ್ಲಾಂಟರುಗಳೆಲ್ಲ" ಎಂಬ ಮಾತು ಒಂದು ಕಡೆ. "ಇದಕ್ಕೆ ಒಂದೇ ಪರಿಹಾರ", "ನಾಳೆಯಿಂದಲೇ ಮಾಡಬಹುದು" ಎಂಬ ಮಾತು ಇನ್ನೊಂದು ಕಡೆ. ತನ್ನ ಪರಿಹಾರದಿಂದ ಆಗುವ ತೊಂದರೆ ಸಿಟ್ಟಿನವನ ಕಣ್ಣಿಗೆ ಬೀಳುವುದಿಲ್ಲ. ಓದುಗರ ಕಣ್ಣಿಗೆ ಮಾತ್ರ ಮೊದಲು ಬೀಳುವುದು ಅದೇ.

ಭಯ. ಕಸ್ತೂರಿರಂಗನ್ ವರದಿಯ ಮೇಲೆ ಮಲೆನಾಡಿನಲ್ಲಿ ಬಂದ ಬರಹಗಳಲ್ಲಿ ಭಯದ ಕೆಲಸ ಚೆನ್ನಾಗಿ ಕಾಣುತ್ತದೆ. "ಊರೇ ಖಾಲಿ ಮಾಡಿಸುತ್ತಾರೆ" ಎಂದು ಎಷ್ಟೋ ಜನ ಬರೆದರು. ಪಶ್ಚಿಮ ಘಟ್ಟದ ರಕ್ಷಣೆಗೆಂದು ಬಂದ 2013ರ ಆ ವರದಿ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ನಿಷೇಧಿಸಲು ಹೇಳಿದ್ದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ. ಊರು ಖಾಲಿ ಮಾಡಿಸುವುದು ಈ ಪಟ್ಟಿಯಲ್ಲಿಲ್ಲ. ಇಲ್ಲದ್ದನ್ನು ಬರೆದ ಕೂಡಲೇ, ವರದಿ ಓದಿದವರು ನಿಮ್ಮ ಉಳಿದ ಮಾತನ್ನೂ ಬದಿಗೆ ತಳ್ಳುತ್ತಾರೆ. ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ವಿರೋಧಿಸುವವರ ಕೈಯಲ್ಲಿ ನಿಜವಾದ ವಾದವೇ ಇತ್ತು. ಒಂದು ಹಳ್ಳಿಯ ಶೇ. 20ರಷ್ಟು ಭಾಗ ಸೂಕ್ಷ್ಮ ಎಂದು ಉಪಗ್ರಹ ನಕ್ಷೆಯಲ್ಲಿ ಕಂಡರೆ ಇಡೀ ಹಳ್ಳಿ ಪಟ್ಟಿಗೆ ಸೇರುತ್ತಿತ್ತು. ಉಳಿದ ಶೇ. 80ರಲ್ಲಿ ಗದ್ದೆ, ತೋಟ, ಮನೆ ಇರುವವರು ಕೇಳಬೇಕಾದ ಪ್ರಶ್ನೆ ಅದು. ಭಯದ ಗದ್ದಲದಲ್ಲಿ ಅದು ಮುಳುಗಿಹೋಯಿತು.

ಸಂಕಟ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆ ನಡೆಯುವಾಗ ದಸರಾ ಆನೆ ಅರ್ಜುನ ಸತ್ತ. 2012ರಿಂದ ಎಂಟು ಬಾರಿ ಅಂಬಾರಿ ಹೊತ್ತ ಆನೆ ಅದು. ಆ ವಾರ ಬಂದ ಬರಹಗಳಲ್ಲಿ ಕಣ್ಣೀರಿತ್ತು, ಅದು ಸಹಜ. ಆದರೆ ಸಾಕಾನೆಗಳನ್ನು ಇಂಥ ಕೆಲಸಕ್ಕೆ ಬಳಸುವ ಕ್ರಮ ಹೇಗಿರಬೇಕು ಎಂದು ಕೇಳಿದವರು ಕಡಿಮೆ. ಸಂಕಟ ನಮ್ಮನ್ನು ಒಂದೇ ಘಟನೆಗೆ ಕಟ್ಟಿಹಾಕುತ್ತದೆ. ಓದುಗರನ್ನೂ ಹಾಗೆಯೇ. ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಮೂವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿದ ಒಬ್ಬ ಹುಡುಗಿಯ ಕಥೆಗೆ ಜನ ಕೊಟ್ಟಷ್ಟು ದುಡ್ಡನ್ನು ಲಕ್ಷಾಂತರ ಜನರ ಹಸಿವಿನ ಅಂಕಿಗೆ ಕೊಡಲಿಲ್ಲ. ಕಥೆಯ ಪಕ್ಕದಲ್ಲೇ ಅಂಕಿ ಇಟ್ಟಾಗ ಕಥೆಗೆ ಬರುತ್ತಿದ್ದ ದುಡ್ಡೂ ಕಡಿಮೆಯಾಯಿತು. ಇದರಿಂದ ಪ್ರಬಂಧಕ್ಕೆ ಸಿಗುವ ಪಾಠವನ್ನು ಹಂತ 7ರಲ್ಲಿ ನೋಡಿ.

ಅಂಜಿಕೆ. ನೆಂಟರು, ಮಾಲೀಕರು, ಮೇಷ್ಟ್ರು ಓದುತ್ತಾರೆ ಎಂಬ ಅಳುಕು ಇದು. "ಒಂದು ರೀತಿಯಲ್ಲಿ", "ಎಲ್ಲರೂ ಯೋಚಿಸಬೇಕು", "ಎರಡೂ ಕಡೆ ಸರಿ ಇದೆ" ಎಂಬ ಮಾತು ಪ್ರತಿ ಪ್ಯಾರಾದಲ್ಲೂ ಬಂದರೆ ಇದೇ ಕಾರಣ.

ಬೇಸರ. ಯಾರೋ ಕೊಟ್ಟ ವಿಷಯಕ್ಕೆ ಬರೆಯುವವರಿಗೆ ಬರುವುದು. ವಿಷಯ ನಿಮ್ಮ ತಾಲ್ಲೂಕಿಗೆ ಎಲ್ಲಿ ತಾಗುತ್ತದೆ ಎಂದು ಹುಡುಕಿ, ಸಾಕು.

ಹಂತ 1: ಉರಿಯನ್ನು ಬೇರೆ ಹಾಳೆಯಲ್ಲಿ ಇಳಿಸಿ

ಮೊದಲ ದಿನ 15 ನಿಮಿಷ. ಫೋನ್ ದೂರ ಇಡಿ. ನೀಲಿ ಪೆನ್ನಿನಲ್ಲಿ, ಕೈ ಎತ್ತದೆ, ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಬೈಗುಳ ಬಂದರೆ ಬರಲಿ. ಹೊತ್ತಾದ ಮೇಲೆ ನಿಲ್ಲಿಸಿ, ಹಾಳೆ ಮಡಚಿಡಿ. ಇದು ಕರಡು ಅಲ್ಲ, ಒಂದು ವಾಕ್ಯವನ್ನೂ ಇದರಿಂದ ಪ್ರಬಂಧಕ್ಕೆ ಎತ್ತಿಕೊಳ್ಳಬೇಡಿ.

ಇಲ್ಲಿ ಆಗುವ ಎಡವಟ್ಟು: ಈ ಹಾಳೆಯ ಮಾತನ್ನು ಅದೇ ರಾತ್ರಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ನಾಲ್ಕು ಜನ ಭೇಷ್ ಅಂದ ಮೇಲೆ ನಿಮ್ಮ ಅಭಿಪ್ರಾಯ ಒಂದಿಂಚೂ ಕದಲುವುದಿಲ್ಲ. ಆಮೇಲೆ ಓದುವ ದಾಖಲೆ ದಾಖಲೆಯಾಗಿ ಕಾಣದೆ ನಿಮ್ಮ ಪರ ಅಥವಾ ವಿರುದ್ಧ ಸಾಕ್ಷಿಯಾಗಿಯೇ ಕಾಣುತ್ತದೆ.

ಹಂತ 2: ಸಿಟ್ಟಿನ ಅಡಿಯಲ್ಲಿರುವ ನಿರೀಕ್ಷೆ ಹುಡುಕಿ

ಮಡಚಿಟ್ಟ ಹಾಳೆ ತೆರೆದು ಈ ಒಂದು ವಾಕ್ಯ ತುಂಬಿಸಿ: "ನನಗೆ ______ ಬಗ್ಗೆ ______ (ಸಿಟ್ಟು / ಭಯ / ಸಂಕಟ), ಯಾಕೆಂದರೆ ______ ಆಗಬೇಕಿತ್ತು, ಆಗಲಿಲ್ಲ."

ಮೂರನೇ ಬಿಟ್ಟಸ್ಥಳ ಮುಖ್ಯ. "ಬೆಳೆ ಹಾಳಾದ ಮೇಲೆ ಮಹಜರು ಬೇಗ ಆಗಬೇಕಿತ್ತು" ಎಂದು ಬಂದರೆ ಅದೊಂದು ಪ್ರಬಂಧ. "ಕಾರ್ಮಿಕರಿಗೆ ಬೆಳಿಗ್ಗೆಯೇ ಆನೆ ಇರುವ ಜಾಗ ಗೊತ್ತಾಗಬೇಕಿತ್ತು" ಎಂದು ಬಂದರೆ ಅದು ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಬೇಡಿ. ಮೂರನೇ ಬಿಟ್ಟಸ್ಥಳ ತುಂಬಲು ಆಗದೇ ಇದ್ದರೆ ವಿಷಯ ಇನ್ನೂ ನಿಮ್ಮ ಕೈಗೆ ಸಿಕ್ಕಿಲ್ಲ, ಒಂದು ದಿನ ಬಿಡಿ.

ಹಂತ 3: ಪ್ರತಿಜ್ಞೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ನಮ್ಮ ನ್ಯಾಯಶಾಸ್ತ್ರ ವಾದಕ್ಕೆ ಐದು ಅಂಗ ಹೇಳುತ್ತದೆ: ಪ್ರತಿಜ್ಞೆ (ಸಾಧಿಸಬೇಕಾದ ಮಾತು), ಹೇತು (ಕಾರಣ), ಉದಾಹರಣೆ (ಕಾರಣ ಬೇರೆ ಕಡೆಯೂ ನಿಲ್ಲುತ್ತದೆಂಬ ನಿದರ್ಶನ), ಉಪನಯ (ಆ ನಿದರ್ಶನ ನಮ್ಮ ವಿಷಯಕ್ಕೆ ಹೇಗೆ ಹೊಂದುತ್ತದೆ), ನಿಗಮನ (ಆದ್ದರಿಂದ ಹೀಗೆ). ಪ್ರಬಂಧಕ್ಕೆ ಇದಕ್ಕಿಂತ ಗಟ್ಟಿ ಚೌಕಟ್ಟು ಬೇಕಿಲ್ಲ. ಭಾವನೆ ಜೋರಾಗಿರುವಾಗ ತಪ್ಪಿಹೋಗುವುದು ನಾಲ್ಕನೆಯದು. ಕೊಡಗಿನಲ್ಲೋ ಕೇರಳದಲ್ಲೋ ನಡೆದದ್ದನ್ನು ಬರೆದು, "ಇಲ್ಲೂ ಹಾಗೇ ಮಾಡಿ" ಎಂದು ಹಾರಿಬಿಡುತ್ತಾರೆ. ಅಲ್ಲಿನ ಕಾಡಂಚು, ತೋಟದ ಗಾತ್ರ, ಮಳೆ ಇಲ್ಲಿಗೆ ಹೊಂದುತ್ತದೆಯೇ ಎಂಬ ನಾಲ್ಕು ಸಾಲು ಇರುವುದಿಲ್ಲ.

ಪ್ರತಿಜ್ಞೆಯಲ್ಲಿ ಮೂರು ಇರಬೇಕು: ಯಾರು, ಏನು, ಯಾವಾಗ. "ಆನೆ ಸಮಸ್ಯೆ ಬಗೆಹರಿಸಬೇಕು" ಎಂಬುದು ಪ್ರತಿಜ್ಞೆ ಅಲ್ಲ, ಅದನ್ನು ಬೇಡ ಅನ್ನುವವರು ಯಾರೂ ಇಲ್ಲ. ಇಲ್ಲ ಎನ್ನುವವರೊಬ್ಬರು ಇದ್ದರೆ ಮಾತ್ರ ಪ್ರಬಂಧ ಬರೆಯುವ ಅಗತ್ಯ ಬರುತ್ತದೆ.

ಇಲ್ಲೇ ಇನ್ನೊಂದು ಪರೀಕ್ಷೆ ಮಾಡಿಕೊಳ್ಳಿ. ಅದೇ ಶಾಸ್ತ್ರ ಮಾತುಕತೆಯನ್ನು ಮೂರು ಬಗೆ ಮಾಡುತ್ತದೆ. ನಿಜ ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೇನನ್ನೂ ಇಡದೆ ಎದುರಿನವರದ್ದನ್ನು ಕೆಡವುವುದಷ್ಟೇ ವಿತಂಡ. ನಿಮ್ಮ ಪ್ರತಿಜ್ಞೆ "ಅವರು ಮಾಡಿದ್ದು ತಪ್ಪು" ಎಂಬಲ್ಲಿಗೇ ನಿಂತಿದ್ದರೆ ಅದು ಮೂರನೆಯದು. ಏನು ಮಾಡಬೇಕು ಎಂದು ಸೇರಿಸಿ.

ಹಂತ 4: ಪುರಾವೆಯನ್ನು ಎರಡೂ ಕಡೆಯಿಂದ ತನ್ನಿ

1979ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಗಲ್ಲು ಶಿಕ್ಷೆಯ ಪರ ಇರುವವರಿಗೂ ವಿರೋಧ ಇರುವವರಿಗೂ ಎರಡು ಅಧ್ಯಯನ ಓದಲು ಕೊಟ್ಟರು, ಒಂದು ಪರ, ಒಂದು ವಿರುದ್ಧ. ಓದಿದ ಮೇಲೆ ಇಬ್ಬರೂ ಹತ್ತಿರ ಬರಬೇಕಿತ್ತು, ಇನ್ನೂ ದೂರ ಹೋದರು. ತಮ್ಮ ಕಡೆಯ ಅಧ್ಯಯನ ಪಕ್ಕಾ ಅಂದರು, ಎದುರಿನದ್ದರಲ್ಲಿ ಹುಳುಕು ಹುಡುಕಿದರು. ನಂಬಿದ್ದಕ್ಕೆ ಹೊಂದುವುದನ್ನೇ ಹುಡುಕುವ ಈ ಗುಣಕ್ಕೆ ದೃಢೀಕರಣ ಪಕ್ಷಪಾತ ಎನ್ನುತ್ತಾರೆ. ಓದಿಕೊಂಡವರಿಗೆ ಇದು ಬರುವುದಿಲ್ಲ ಎಂದುಕೊಳ್ಳಬೇಡಿ. ಹುಳುಕು ಹುಡುಕುವ ಜಾಣತನ ಅವರಲ್ಲಿ ಇನ್ನೂ ಹೆಚ್ಚು.

ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಪರ ಮೂರು ಪುರಾವೆ, ಬಲಕ್ಕೆ ವಿರುದ್ಧ ಮೂರು. ಬಲಗಡೆಯದ್ದನ್ನು ಮೊದಲು ಹುಡುಕಿ, ಮುಕ್ಕಾಲು ಗಂಟೆ. ಆಮೇಲೆ ಎಡಗಡೆಗೂ ಅಷ್ಟೇ ಹೊತ್ತು. ಪ್ರತಿ ಅಂಕಿಯ ಪಕ್ಕದಲ್ಲಿ ವರ್ಷ ಮತ್ತು ಮೂಲ ಬರೆಯಿರಿ. ಆಮೇಲೆ ಒಂದೊಂದಕ್ಕೂ ಕೇಳಿಕೊಳ್ಳಿ: ಇದೇ ಅಂಕಿ, ಇದೇ ಮೂಲ ಎದುರಿನವರ ಪರ ಇದ್ದಿದ್ದರೆ ನಂಬುತ್ತಿದ್ದೆನಾ? ಇಲ್ಲ ಎಂದಾದರೆ ಹೊಡೆದುಹಾಕಿ.

ವರ್ಷ ಹಾಕುವುದು ಯಾಕೆ ಮುಖ್ಯ ಎನ್ನುವುದಕ್ಕೆ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆಯನ್ನೇ ನೋಡಿ. ಯೋಜನೆಯ ವೆಚ್ಚ 2012ರಲ್ಲಿ 8,323 ಕೋಟಿ ರೂಪಾಯಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಪರ ಬರೆಯುವವರು ಹಳೆಯದನ್ನು ಹಿಡಿಯುತ್ತಾರೆ, ವಿರೋಧಿಸುವವರು ಹೊಸದನ್ನು. ಮೂರನ್ನೂ ವರ್ಷದ ಸಮೇತ ಬರೆದವರನ್ನು ಇಬ್ಬರೂ ನಂಬುತ್ತಾರೆ. ಹಾಗೆಯೇ 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು) ಎಂಬುದು ಯೋಜನೆಯ ಲೆಕ್ಕಾಚಾರ. "24 ಟಿಎಂಸಿ ಬರುತ್ತದೆ" ಎಂದು ಬರೆದರೂ ತಪ್ಪು, "ಬರುವುದೇ ಇಲ್ಲ" ಎಂದು ದಾಖಲೆ ಇಲ್ಲದೆ ಬರೆದರೂ ತಪ್ಪು.

ಆನೆ ವಿಷಯಕ್ಕೆ ಬರೆಯುವವರು ಹೈಕೋರ್ಟ್ ನೇಮಿಸಿದ ಕರ್ನಾಟಕ ಆನೆ ಕಾರ್ಯಪಡೆಯ 2012ರ ವರದಿ ಓದದೆ ಬರೆಯಬೇಡಿ. ಅದು ರಾಜ್ಯವನ್ನು ಆನೆ ಸಂರಕ್ಷಣೆಯ ವಲಯ, ಆನೆ ಮತ್ತು ಮನುಷ್ಯರ ಸಹಬಾಳ್ವೆಯ ವಲಯ, ಆನೆಗಳನ್ನು ತೆರವು ಮಾಡಬೇಕಾದ ವಲಯ ಎಂದು ಮೂರಾಗಿ ನೋಡುತ್ತದೆ. "ಎಲ್ಲಾ ಆನೆ ಹಿಡೀರಿ", "ಒಂದನ್ನೂ ಮುಟ್ಟಬೇಡಿ" ಎಂಬ ಎರಡೂ ಘೋಷಣೆ ಈ ವಿಂಗಡಣೆಯ ಮುಂದೆ ನಿಲ್ಲುವುದಿಲ್ಲ.

ಅಂಕಿ ಎಲ್ಲೂ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ (ಬಿಪಿಎಲ್ ಕುಟುಂಬಕ್ಕೆ ಇಲ್ಲ), ಉತ್ತರಕ್ಕೆ 30 ದಿನ. ಅರ್ಜಿಯಲ್ಲಿ "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ. ಕಚೇರಿ ಕೊಡಬೇಕಾದ್ದು ತನ್ನಲ್ಲಿರುವ ದಾಖಲೆ, ಸಮಜಾಯಿಷಿ ಅಲ್ಲ. "ಇಂಥ ವಲಯದಲ್ಲಿ ಇಂಥ ವರ್ಷ ಬಂದ ಬೆಳೆ ಪರಿಹಾರದ ಅರ್ಜಿಗಳು, ವಿಲೇವಾರಿಯಾದವು, ಬಾಕಿ ಇರುವವು, ಇವುಗಳ ಪಟ್ಟಿಯ ಪ್ರತಿ ಕೊಡಿ" ಎಂದು ಕೇಳಿ. ಸಿಟ್ಟಿನಲ್ಲಿ ಬರೆದ ಅರ್ಜಿಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಇಲ್ಲೇ.

ಹಂತ 5: ಪೂರ್ವಪಕ್ಷವನ್ನು ಅವರ ಬಾಯಲ್ಲೇ ಹೇಳಿಸಿ

ಪೂರ್ವಪಕ್ಷ ಎಂದರೆ ನೀವು ಖಂಡಿಸಲಿರುವ ಎದುರಿನವರ ವಾದ. 100ರಿಂದ 120 ಪದದಲ್ಲಿ ಬರೆಯಿರಿ. ಬರೆದದ್ದನ್ನು ಮೊದಲೇ ಗೊತ್ತುಮಾಡಿಕೊಂಡ ಆ ಒಪ್ಪದ ವ್ಯಕ್ತಿಗೆ ಓದಿ ಹೇಳಿ. "ಹೌದು, ನಾನು ಹೇಳೋದೂ ಇದನ್ನೇ" ಎಂದರೆ ಹಂತ ಮುಗಿಯಿತು. "ನಾವು ಹಾಗೆ ಹೇಳೇ ಇಲ್ಲವಲ್ಲ" ಎಂದರೆ ಏನು ಹೇಳುತ್ತಾರೆ ಎಂದು ಕೇಳಿ, ಬರೆದುಕೊಂಡು, ತಿದ್ದಿ, ಮತ್ತೆ ಓದಿ. ಕೇಳುವಾಗ ಉತ್ತರ ಕೊಡಲು ಹೋಗಬೇಡಿ.

ಎದುರಿನವರಲ್ಲಿ ಅತಿ ಮೂರ್ಖ ಮಾತು ಆಡಿದವರನ್ನು ಹಿಡಿದು ಖಂಡಿಸುವುದು ಸುಲಭ, ಸಿಟ್ಟಿಗೆ ಅದು ರುಚಿಯೂ ಹೌದು. ಅದರಿಂದ ಒಪ್ಪುವವರು ಮೊದಲೇ ನಿಮ್ಮ ಕಡೆ ಇದ್ದವರು ಮಾತ್ರ. ಅವರ ಪೈಕಿ ಅತಿ ಗಟ್ಟಿ ವಾದ ಯಾರದ್ದೋ ಅದನ್ನೇ ಎತ್ತಿಕೊಳ್ಳಿ.

ಈ ಹಂತ ಕಷ್ಟ ಎನ್ನಿಸಿದರೆ ಕಾವು ಆರಿದ ವಿಷಯದ ಮೇಲೆ ಅಭ್ಯಾಸ ಮಾಡಿ. ಕುದುರೆಮುಖ ಗಣಿಗಾರಿಕೆ ಒಳ್ಳೆಯ ಪಾಠ: ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಒಂದು ಕಡೆ ಭದ್ರಾ ನದಿಗೆ ಸೇರುವ ಹೂಳು ಮತ್ತು ರಾಷ್ಟ್ರೀಯ ಉದ್ಯಾನದ ಕಾಡು, ಇನ್ನೊಂದು ಕಡೆ ಗಣಿಯನ್ನೇ ನಂಬಿ ಬೆಳೆದ ಊರು ಮತ್ತು ಅಲ್ಲಿನ ಕೆಲಸಗಾರರು. ಎರಡೂ ಪಕ್ಷವನ್ನು ತಲಾ 100 ಪದದಲ್ಲಿ ಬರೆದು, ಯಾವುದು ನಿಮ್ಮದು ಎಂದು ಓದಿದವರಿಗೆ ಗೊತ್ತಾಗದಷ್ಟು ಸಮ ಬಂದಿದೆಯೇ ನೋಡಿ.

ಹಂತ 6: ಓದುವವರಿಗೆ ಯಾವುದು ದೊಡ್ಡದೋ ಅಲ್ಲಿಂದ ಹೊರಡಿ

ಫೈನ್‌ಬರ್ಗ್ ಮತ್ತು ವಿಲ್ಲರ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಲೇಖನಕ್ಕೆ ನೇರವಾಗಿ ಸಂಬಂಧಿಸಿದ್ದು. ಅಮೆರಿಕದ ಉದಾರವಾದಿಗಳಿಗೆ, ಸಲಿಂಗ ವಿವಾಹಕ್ಕೆ ಸಂಪ್ರದಾಯವಾದಿಗಳನ್ನು ಒಪ್ಪಿಸುವಂತೆ ಬರೆಯಿರಿ ಎಂದರು. ಸಂಪ್ರದಾಯವಾದಿಗಳಿಗೆ, ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಲು ಉದಾರವಾದಿಗಳನ್ನು ಒಪ್ಪಿಸುವಂತೆ ಬರೆಯಿರಿ ಎಂದರು. ಎದುರಿನವರ ಮೌಲ್ಯವನ್ನು ಹಿಡಿದು ಬರೆದವರು ಎರಡೂ ಗುಂಪಿನಲ್ಲಿ ಹತ್ತರಲ್ಲಿ ಒಬ್ಬರೂ ಇಲ್ಲ. ಹೆಚ್ಚಿನವರು ತಮ್ಮದೇ ಮೌಲ್ಯವನ್ನು ಹಿಡಿದು ಬರೆದರು.

2018ರಲ್ಲಿ ರಾಕ್‌ಲಾಜ್, ರಕರ್, ನಾರ್ಡ್‌ಗ್ರೆನ್ ಇದರ ಇನ್ನೊಂದು ಮುಖ ತೋರಿಸಿದರು. ಒಪ್ಪಿಸಬೇಕು ಎಂಬ ಉದ್ದೇಶ ಬಂದ ಕೂಡಲೇ ಜನ ತಮಗೆ ಗೊತ್ತಿಲ್ಲದೆ ಭಾವುಕ ಪದಗಳಿಗೆ ವಾಲುತ್ತಾರೆ, ಓದುವವರು ಲೆಕ್ಕಾಚಾರದ ಮಂದಿ ಎಂದು ಗೊತ್ತಿದ್ದರೂ ಸಹ. ಅಂದರೆ ವಿಷಯದ ಕಾವಿನ ಜೊತೆಗೆ, ಬರೆಯುವ ಕೆಲಸವೂ ತನ್ನದೇ ಕಾವು ಸೇರಿಸುತ್ತದೆ.

ಹಾಗಾಗಿ ಕರಡಿಗೆ ಮೊದಲು ಎರಡು ಸಾಲು ಬರೆದುಕೊಳ್ಳಿ: ಓದುವವರು ಯಾರು, ಯಾವುದನ್ನು ಕಳೆದುಕೊಳ್ಳುವ ಭಯ ಅವರಿಗಿದೆ. ಪುಂಡಾನೆ ಹಿಡಿಯಲೇಬೇಕು ಎಂದು ಬೆಂಗಳೂರಿನ ಪ್ರಾಣಿಪ್ರಿಯ ಓದುಗರಿಗೆ ಬರೆಯುವುದಾದರೆ, ಜನರ ಸಹನೆ ಕಳೆದುಹೋದ ಕಡೆ ಉಳಿದ ಆನೆಗಳಿಗೇ ಅಪಾಯ ಎಂಬಲ್ಲಿಂದ ಹೊರಡಿ. ತೋಟದ ಬೇಲಿ ತೆರೆದು ಆನೆ ದಾರಿ ಬಿಡಿ ಎಂದು ಬೆಳೆಗಾರರಿಗೆ ಬರೆಯುವುದಾದರೆ, ದಾರಿ ತಪ್ಪಿದ ಆನೆ ಮುರಿಯುವ ಗಿಡ, ಪೈಪು, ಗೇಟಿನ ಲೆಕ್ಕದಿಂದ ಹೊರಡಿ. ಇದು ನಟನೆ ಆಗಬಾರದು. ನೀವೇ ನಂಬದ ಕಾರಣವನ್ನು ಅವರಿಗೆ ಮಾರಲು ಹೋದರೆ ಎರಡನೇ ಪ್ಯಾರಾಕ್ಕೇ ಗೊತ್ತಾಗುತ್ತದೆ. ನೀವು ನಂಬುವ ಕಾರಣಗಳಲ್ಲೇ ಅವರಿಗೆ ಹತ್ತಿರವಾದದ್ದನ್ನು ಮುಂದೆ ತನ್ನಿ.

ಹಂತ 7: ಕರಡು

ಮೂರನೇ ದಿನ, ಒಂದೇ ಕೂರುವಿಕೆಯಲ್ಲಿ, ಒಂದೂವರೆ ಗಂಟೆ. 700 ಪದಕ್ಕೆ ಅಳತೆ ಹೀಗಿರಲಿ: ಒಂದು ಘಟನೆ 80 ಪದ, ಪ್ರತಿಜ್ಞೆ 40, ಪೂರ್ವಪಕ್ಷ 120, ಅದಕ್ಕೆ ಉತ್ತರ ಮತ್ತು ನಿಮ್ಮ ಪುರಾವೆ 300, ನಿಮ್ಮ ಪರಿಹಾರದಿಂದ ಆಗುವ ತೊಂದರೆ 60, ಏನು, ಯಾರು, ಯಾವಾಗ ಮಾಡಬೇಕು ಎಂಬುದು 100. ಸಿಟ್ಟಿನವರು ಬಿಟ್ಟುಬಿಡುವುದು ಆ 60 ಪದವನ್ನು.

ಘಟನೆಯನ್ನೂ ಅಂಕಿಯನ್ನೂ ಒಂದೇ ಪ್ಯಾರಾದಲ್ಲಿ ಇಡಬೇಡಿ, 2007ರ ಅಧ್ಯಯನದ ಪಾಠ ಅದು. ಘಟನೆ ಪೂರ್ತಿ ಹೇಳಿ ನಿಲ್ಲಿಸಿ. ಅಂಕಿ ಮುಂದೆ, ವಾದದ ಜಾಗದಲ್ಲಿ ಬರಲಿ.

ಮಾದರಿಗೆ ಒಂದು ಉರಿಯುವ ಪ್ಯಾರಾ:

"ಸರ್ಕಾರಕ್ಕೆ ಆನೆ ಬೇಕು, ನಾವು ಬೇಡ. ವರ್ಷವರ್ಷ ಸಾಯುತ್ತಲೇ ಇದ್ದೇವೆ. ಎ.ಸಿ. ರೂಮಲ್ಲಿ ಕೂತವರಿಗೆ ನಮ್ಮ ಕಷ್ಟ ಏನು ಗೊತ್ತು? ಇರುವ ಆನೆಗಳನ್ನೆಲ್ಲ ಹಿಡಿದು ಸಾಗಿಸುವುದೊಂದೇ ದಾರಿ."

ಕೆಂಪು ಪೆನ್ನು ಹಿಡಿಯಿರಿ. ಮೊದಲ ವಾಕ್ಯ ಎದುರಿನವರ ಮನಸ್ಸನ್ನು ನೀವೇ ಹೇಳುವುದು, ಇದಕ್ಕೆ ಪುರಾವೆ ಕೊಡಲು ಯಾರಿಂದಲೂ ಆಗದು. ಎರಡನೆಯದು ನಿಜವಾದ ಸಂಕಟ, ಆದರೆ ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದಿಲ್ಲ. ಮೂರನೆಯದು ಆದೇಶ ಹೊರಡಿಸಬೇಕಾದ ಓದುಗರನ್ನೇ ಬೈಯುವುದು. ನಾಲ್ಕನೆಯದರಲ್ಲಿ ಎಲ್ಲಿಗೆ ಸಾಗಿಸುವುದು ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಇದು ಗೊತ್ತಿಲ್ಲದೆ ಬರೆದಂತೆ ಕಾಣುತ್ತದೆ.

ಅದೇ ಸಂಕಟ, ತಿದ್ದಿದ ಮೇಲೆ:

"ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಕಾರ್ಮಿಕರ ಲೈನ್ ಮನೆಯಿಂದ ಹೆಂಗಸರು ತೋಟಕ್ಕೆ ಇಳಿಯುವಾಗ ಮಂಜು ಇನ್ನೂ ಎದ್ದಿರುವುದಿಲ್ಲ. ಗಿಡದ ಸಾಲಿನಲ್ಲಿ ಹತ್ತು ಅಡಿ ಆಚೆ ಏನಿದೆ ಎಂದು ಕಾಣುವುದಿಲ್ಲ. ಹಿಂದಿನ ರಾತ್ರಿ ಆನೆ ಯಾವ ತೋಟದಲ್ಲಿ ಉಳಿಯಿತು ಎಂಬ ಸುದ್ದಿ ಮಾಲೀಕರ ಫೋನಿಗೆ ಬಂದಿರಬಹುದು, ಇವರಿಗೆ ಬಂದಿರುವುದಿಲ್ಲ. ಕೊಯ್ಲು ಶುರುವಾಗುವ ಮೊದಲು ಪ್ರತಿ ಲೈನಿನಿಂದ ಕನಿಷ್ಠ ಇಬ್ಬರು ಕಾರ್ಮಿಕರ ನಂಬರನ್ನು ಎಚ್ಚರಿಕೆ ಸಂದೇಶದ ಪಟ್ಟಿಗೆ ವಲಯ ಕಚೇರಿ ಸೇರಿಸಬೇಕು, ತೋಟದ ರೈಟರ್ ಬೆಳಿಗ್ಗೆ ಸುದ್ದಿ ನೋಡಿದ ಮೇಲೆಯೇ ಕೆಲಸಕ್ಕೆ ಬಿಡಬೇಕು."

ಎರಡನೆಯದರಲ್ಲಿ ಭಾವನೆಯ ಹೆಸರು ಹೇಳುವ ಪದ ಒಂದೂ ಇಲ್ಲ, ಓದುವವರ ಎದೆಗೆ ತಾಗುವುದು ಮಾತ್ರ ಇದೇ. ಕಾಣುವುದನ್ನು ಬರೆದರೆ ಸಾಕು. "ಹೃದಯವಿದ್ರಾವಕ", "ಕರುಳು ಹಿಂಡುವ", "ಧಿಕ್ಕಾರವಿರಲಿ" ಇಂಥವನ್ನು ಸೇರಿಸಿದಷ್ಟೂ ಆ ಮಂಜು, ಆ ಗಿಡದ ಸಾಲು ಮರೆಯಾಗುತ್ತದೆ.

ಹಂತ 8: ಒಂದು ನಿದ್ದೆ ಆದ ಮೇಲೆ, ಕೆಂಪು ಪೆನ್ನು

ಮಾರನೇ ದಿನ ಬೆಳಿಗ್ಗೆ, ದನಿಯೆತ್ತಿ ಓದಿ. ಓದುವಾಗ ವೇಗ ತಾನಾಗಿಯೇ ಏರಿದ ಕಡೆ ಗೆರೆ ಹಾಕಿ, ಸಿಟ್ಟು ಉಳಿದಿರುವುದು ಅಲ್ಲಿ. ಆಮೇಲೆ ಇವನ್ನು ಹುಡುಕಿ:

"ಎಲ್ಲ", "ಯಾರೂ", "ಯಾವಾಗಲೂ", "ಒಂದೇ" ಪದಗಳು. ಒಂದು ಅಪವಾದ ನಿಮಗೇ ಹೊಳೆದರೆ ಪದ ಬದಲಿಸಿ. ಪ್ರಶ್ನೆಯ ರೂಪದಲ್ಲಿರುವ ಬೈಗುಳ ("ಇವರಿಗೆ ನಾಚಿಕೆ ಇಲ್ಲವೇ?"), ಇಂಥದ್ದು ಒಂದೂ ಬೇಡ. ಆಶ್ಚರ್ಯ ಚಿಹ್ನೆ, ಒಂದೂ ಬೇಡ. "ಮಾಡಲಾಗುತ್ತಿದೆ", "ಹೇಳಲಾಗುತ್ತಿದೆ" ಎಂಬ ಕರ್ತೃವಿಲ್ಲದ ಕ್ರಿಯಾಪದ: ಅಂಜಿಕೆ ಅಡಗಿ ಕೂರುವ ಜಾಗ ಇದು, ಯಾರು ಮಾಡಿದ್ದು ಎಂದು ಬರೆಯಿರಿ, ಗೊತ್ತಿಲ್ಲದಿದ್ದರೆ ವಾಕ್ಯ ತೆಗೆಯಿರಿ.

ವ್ಯಕ್ತಿಯ ಹೆಸರು ಹಿಡಿದು ಆಪಾದನೆ ಮಾಡಿದ್ದರೆ ಕೈಯಲ್ಲಿ ದಾಖಲೆ ಇರಬೇಕು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ, 196ನೇ ಕಲಂ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ ಸಂಬಂಧಿಸಿದ್ದು. ಹುದ್ದೆ, ಕಚೇರಿಯ ಕ್ರಮ, ಆದೇಶದ ತಾರೀಖು ಹಿಡಿದು ಬರೆದರೆ ವಾದಕ್ಕೆ ಯಾವ ನಷ್ಟವೂ ಇಲ್ಲ.

ಪರೀಕ್ಷಾ ಕೊಠಡಿಯಲ್ಲಿ ಕೂತು ಬರೆಯುವವರಿಗೆ ನಾಲ್ಕು ದಿನ ಸಿಗುವುದಿಲ್ಲ. ಒಂದು ಪ್ರಬಂಧಕ್ಕೆ ಒಂದೂವರೆ ಗಂಟೆ ಇದ್ದರೆ ಮೊದಲ 3 ನಿಮಿಷ ಹಂತ 1ನ್ನು ಉತ್ತರ ಪತ್ರಿಕೆಯ ಕೊನೆಯ ಪುಟದಲ್ಲಿ ಪದಗಳಾಗಿ ಇಳಿಸಿ, ಗೀಟು ಎಳೆದುಬಿಡಿ. ಮುಂದಿನ 4 ನಿಮಿಷ ಪ್ರತಿಜ್ಞೆ, 8 ನಿಮಿಷ ಎರಡೂ ಕಡೆಯ ಪುರಾವೆ. ಕೊನೆಯ 10 ನಿಮಿಷ "ಎಲ್ಲ", "ಯಾರೂ", "ಒಂದೇ" ಹುಡುಕಲು ಉಳಿಸಿಕೊಳ್ಳಿ.

ಹಂತ 9: ಕಳಿಸುವುದು, ಆಮೇಲೆ ಬರುವ ಮಾತು

ಪೂರ್ವಪಕ್ಷ ಕೇಳಿದವರಿಗೇ ಪೂರ್ತಿ ಪ್ರಬಂಧವನ್ನೂ ಓದಲು ಕೊಡಿ. "ಒಪ್ಪುತ್ತೀರಾ?" ಎಂದು ಕೇಳಬೇಡಿ, "ಎಲ್ಲಿ ಓದೋದು ನಿಲ್ಲಿಸಬೇಕು ಅನ್ನಿಸ್ತು?" ಎಂದು ಕೇಳಿ. ಅವರು ಬೆರಳಿಟ್ಟ ಜಾಗ ತಿದ್ದಿ, ಹಗಲು ಹೊತ್ತಿನಲ್ಲಿ ಕಳಿಸಿ.

ಪ್ರಕಟವಾದ ಮೇಲೆ ಬಿರುಸಿನ ಮಾತು ಬಂದೇ ಬರುತ್ತದೆ. ಅದನ್ನು ಎರಡು ಪಾಲು ಮಾಡಿ. ನಿಮ್ಮ ಬಗ್ಗೆ ಆಡಿದ ಮಾತಿಗೆ ಉತ್ತರ ಬೇಡ. ಅಂಕಿ, ತಾರೀಖು, ಹೆಸರು ತಪ್ಪಿದೆ ಎಂದವರಿಗೆ ಒಂದು ದಿನದೊಳಗೆ ಮೂಲ ದಾಖಲೆ ನೋಡಿ ಉತ್ತರ ಕೊಡಿ. ತಪ್ಪು ನಿಮ್ಮದೇ ಆಗಿದ್ದರೆ ಪ್ರಬಂಧ ಬಂದ ಜಾಗದಲ್ಲೇ, ತಿದ್ದಿದ ತಾರೀಖಿನ ಸಮೇತ ಸರಿಪಡಿಸಿ, ತೋರಿಸಿಕೊಟ್ಟವರಿಗೆ ಥ್ಯಾಂಕ್ಸ್ ಹೇಳಿ. ಹಂತ 4ರ ಹಾಳೆಯನ್ನು ಎಸೆಯಬೇಡಿ, ಈ ಉತ್ತರ ಬರೆಯುವಾಗ ಬೇಕಾಗುವುದು ಅದೇ.